ಮರದ ನೆಲಕ್ಕೆ ಯಾವ ಪಾಲಿಶ್ ಬಾಳಿಕೆ ಬರುತ್ತೆ?
ಗಟ್ಟಿಮರದ ನೆಲಕ್ಕೆ ಪಾಲಿಶ್ ಆರಿಸುವಾಗ ಹೊಳಪು ನೋಡಿ ಮರುಳಾಗಬೇಡಿ. ಫಳಫಳ ಹೊಳೆಯೋ ಗ್ಲಾಸಿ ಫಿನಿಶ್ ಮೇಲೆ ಕುರ್ಚಿ ಎಳೆದ ಸಣ್ಣ ಗೀರೂ ಎದ್ದು ಕಾಣುತ್ತೆ. ಓಡಾಟ ಜಾಸ್ತಿ ಇರೋ ಮನೆಗೆ ಹೊಳಪು ಕಡಿಮೆ ಇರೋ ಸ್ಯಾಟಿನ್ ಅಥವಾ ಹೊಳಪೇ ಇಲ್ಲದಂಥ ಮ್ಯಾಟ್ ವಾಸಿ.

ಹೆಚ್ಚಿನ ಮನೆಗಳಿಗೆ ನನ್ನ ಆಯ್ಕೆ ಪಾಲಿಯುರೆಥೇನ್, ಅಂದರೆ ಮರದ ಮೇಲೆ ಗಟ್ಟಿ ಪ್ಲಾಸ್ಟಿಕ್ ಪದರದಂತೆ ಕೂರೋ ಪಾಲಿಶ್. ಆಯಿಲ್ ಬೇಸ್ಡ್ ಆದರೆ ಮರಕ್ಕೆ ಜೇನಿನ ಬಣ್ಣ ಬರುತ್ತೆ, ಬರ್ತಾ ಬರ್ತಾ ಇನ್ನೂ ಹಳದಿಯಾಗುತ್ತೆ. ಒಣಗೋದು ನಿಧಾನ, ವಾಸನೆಯೂ ಜೋರು. ವಾಟರ್ ಬೇಸ್ಡ್ ಬೇಗ ಒಣಗುತ್ತೆ, ಮರದ ಬಣ್ಣ ಹೆಚ್ಚು ಬದಲಾಗಲ್ಲ. ಅದರಲ್ಲೂ ಎರಡು ಭಾಗ ಬೆರೆಸಿ ಹಚ್ಚೋ ಟೂ-ಕಾಂಪೊನೆಂಟ್ ಬಗೆ ತುಂಬಾ ಗಟ್ಟಿ. ಬೆಲೆ ಜಾಸ್ತಿಯಾದರೂ ಓಡಾಟದ ಜಾಗಕ್ಕೆ ಅದನ್ನೇ ಹಾಕಿಸಿ.

ಹಾರ್ಡ್‌ವ್ಯಾಕ್ಸ್ ಆಯಿಲ್ (ಎಣ್ಣೆ, ಮೇಣ ಬೆರೆಸಿದ ಪಾಲಿಶ್) ಅಷ್ಟು ಗಟ್ಟಿಯಲ್ಲ, ಆದರೆ ಸವೆದ ಕಡೆ ಮಾತ್ರ ಉಜ್ಜಿ ಮತ್ತೆ ಹಚ್ಚಬಹುದು. ಪಾಲಿಯುರೆಥೇನ್‌ನಲ್ಲಿ ತೇಪೆ ಹಾಕಿದ್ದು ಗೊತ್ತಾಗುತ್ತೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ದಯವಿಟ್ಟು ಮುದ್ದೆ ಮಾಡಿ ಎಸೆಯಬೇಡಿ, ತಾನಾಗೇ ಬಿಸಿಯೇರಿ ಬೆಂಕಿ ಹೊತ್ತಿಕೊಳ್ಳಬಹುದು! ಹೊರಗೆ ಹರಡಿ ಒಣಗಿಸಿ.

ಹಳೇ ನೆಲದ ಮೇಲೆ ಮೇಣ ಇದ್ದರೆ ಪೂರ್ತಿ ತೆಗೆಸಿ, ಇಲ್ಲದಿದ್ದರೆ ಪಾಲಿಯುರೆಥೇನ್ ಹಿಡಿಯಲ್ಲ, ಸಿಪ್ಪೆಯ ಹಾಗೆ ಏಳುತ್ತೆ. ಕೋಟ್‌ಗಳ ನಡುವೆ 220 ನಂಬರಿನ ಸ್ಯಾಂಡ್‌ಪೇಪರಲ್ಲಿ ಹಗುರವಾಗಿ ಉಜ್ಜಿ, ಧೂಳು ಒರೆಸಿ. ಮುಟ್ಟಿದಾಗ ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗೋಕೆ ವಾರಗಳೇ ಬೇಕು. ಚಾಪೆ, ಜಮಖಾನ ಹಾಸೋ ಮುಂಚೆ ಡಬ್ಬದ ಮೇಲೆ ಎಷ್ಟು ದಿನ ಅಂತ ಬರೆದಿದೆಯೋ ಅಷ್ಟು ದಿನ ಕಾಯಿರಿ.