ತೆರೆದೇ ಇರುವ ಲೆಕ್ಕದ ಕಡತಕ್ಕೆ ಬ್ಯಾಕಪ್: ನನ್ನ ಅನುಭವ

ಬದಿಯಡ್ಕದ ಅಡಿಕೆ ವ್ಯಾಪಾರಿಯೊಬ್ಬರ ಅಂಗಡಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಬೆಳೆಗಾರರು ತಂದ ಚಾಲಿ ಅಡಿಕೆಯ ತೂಕ, ಪಟೋರ, ಕರಿಗೋಟು ಎಂಬ ದರ್ಜೆಗಳ ದರ, ಕೊಟ್ಟ ಹಣ, ಉಳಿದ ಬಾಕಿ ಎಲ್ಲವೂ ಅಲ್ಲಿ ಒಂದೇ ತಂತ್ರಾಂಶದಲ್ಲಿ ದಾಖಲಾಗುತ್ತದೆ. ಅದರ ಮಾಹಿತಿ ಮೈಕ್ರೋಸಾಫ್ಟ್‌ನ ಉಚಿತ ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್‌ನಲ್ಲಿ ಇರುವುದರಿಂದ, ಎಲ್ಲರೂ ಮನೆಗೆ ಹೋದ ಮೇಲೂ ಕಂಪ್ಯೂಟರ್ ಚಾಲೂ ಇರುವಷ್ಟು ಹೊತ್ತು ಡೇಟಾಬೇಸ್ ಕಡತ ತೆರೆದೇ ಇರುತ್ತದೆ.

ಇದನ್ನು ಗಮನಿಸದೆ, ಇಡೀ ಫೋಲ್ಡರನ್ನು ಪ್ರತಿ ರಾತ್ರಿ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲಿಸಲು ವಿಂಡೋಸ್‌ನಲ್ಲೇ ಇರುವ ಕಡತ ನಕಲಿಸುವ ಆಜ್ಞೆಯಾದ ರೋಬೋಕಾಪಿಯನ್ನು ಹೊಂದಿಸಿದ್ದೆ. ಮರುದಿನ ಬೆಳಗ್ಗೆಯೂ ಕೆಲಸ ಮುಗಿದಿರಲಿಲ್ಲ. ಅದರ ಲಾಗ್ (ನಡೆದದ್ದನ್ನು ಬರೆದಿಡುವ ದಾಖಲೆ) ತೆರೆದರೆ, ಕಡತ ಬೇರೊಂದು ಪ್ರೋಗ್ರಾಮಿನ ಬಳಕೆಯಲ್ಲಿದೆ ಎಂದು ತಿಳಿಸುವ 32ನೆಯ ದೋಷಸಂಖ್ಯೆ, ಅದರ ಕೆಳಗೆ 30 ಸೆಕೆಂಡು ಕಾಯುವ ಸೂಚನೆ, ಮತ್ತೆ ಅದೇ ದೋಷ. ನಾವು ಮಿತಿ ಹಾಕದಿದ್ದರೆ ರೋಬೋಕಾಪಿ ಒಂದು ಕಡತಕ್ಕಾಗಿ 10 ಲಕ್ಷ ಸಲ ಮರುಪ್ರಯತ್ನಿಸುತ್ತದೆ ಎಂಬುದು ನನಗೆ ತಿಳಿದದ್ದು ಆಗಲೇ. ಮಿತಿಯನ್ನು 1ಕ್ಕೆ ಇಳಿಸಿದಾಗ ನಕಲು ಬೇಗನೆ ಮುಗಿಯಿತು. ಆದರೆ ಮುಖ್ಯವಾಗಿ ಬೇಕಿದ್ದ ಡೇಟಾಬೇಸೇ ಬಿಟ್ಟುಹೋಗಿತ್ತು.

ಕೊನೆಗೆ ಡೇಟಾಬೇಸನ್ನು ಕಡತವೆಂದು ನಕಲಿಸುವುದನ್ನೇ ಬಿಟ್ಟು, ಸರ್ವರಿನ ಬ್ಯಾಕಪ್ ಆಜ್ಞೆಯನ್ನು ಬಳಸಿದೆ. ನಕಲು ನಡೆಯುತ್ತಿರುವಾಗಲೇ ಹೊಸ ಚೀಟಿಗಳು ದಾಖಲಾದರೂ, ಆ ಹೊತ್ತಿನ ಬದಲಾವಣೆಗಳ ಲಾಗನ್ನೂ ಸರ್ವರ್ ಬ್ಯಾಕಪ್ಪಿನಲ್ಲಿ ಸೇರಿಸುವುದರಿಂದ, ಮರಳಿ ಪಡೆದಾಗ ಲೆಕ್ಕ ಒಂದಕ್ಕೊಂದು ತಾಳೆಯಾಗುತ್ತದೆ. ಎಕ್ಸ್‌ಪ್ರೆಸ್‌ನಲ್ಲಿ ನಿಗದಿತ ಹೊತ್ತಿಗೆ ಕೆಲಸ ನಡೆಸುವ, ಸರ್ವರಿನದೇ ಆದ ಏಜೆಂಟ್ ಸೌಲಭ್ಯವಿಲ್ಲ. ಆದ್ದರಿಂದ ಆ ಆಜ್ಞೆಯನ್ನು ವಿಂಡೋಸ್‌ನ ಟಾಸ್ಕ್ ಶೆಡ್ಯೂಲರಿಗೆ ಒಪ್ಪಿಸಿದೆ.

ತೆರೆದಿಟ್ಟೇ ಹೋಗುವ ಔಟ್‌ಲುಕ್ ಮತ್ತು ಎಕ್ಸೆಲ್ ಕಡತಗಳಿಗೆ ವಿಂಡೋಸ್‌ನ ಶ್ಯಾಡೋ ಕಾಪಿ ಎಂಬ ಸೌಲಭ್ಯವನ್ನು ಬಳಸುವ ಬ್ಯಾಕಪ್ ತಂತ್ರಾಂಶ ಹಾಕಿದೆ. ಒಂದು ಕ್ಷಣದ ಡಿಸ್ಕಿನ ಸ್ಥಿತಿಯನ್ನು ಶ್ಯಾಡೋ ಕಾಪಿ ಹಿಡಿದಿಡುತ್ತದೆ. ಆಮೇಲೆ ಯಾವ ಭಾಗ ಬದಲಾಗಬೇಕಾದರೂ ಹಳೆಯದನ್ನು ಮೊದಲು ತೆಗೆದಿಟ್ಟುಕೊಳ್ಳುತ್ತದೆ. ಶ್ಯಾಡೋ ಕಾಪಿಯ ಸೂಚನೆಗೆ ಸ್ಪಂದಿಸದ ಪ್ರೋಗ್ರಾಮುಗಳ ಕಡತ ಮಾತ್ರ, ಮಳೆಗಾಲದಲ್ಲಿ ಹಠಾತ್ತನೆ ಕರೆಂಟು ಹೋದಾಗ ಇರುವ ಸ್ಥಿತಿಯಲ್ಲೇ ಸಿಗುತ್ತದೆ. ಉಳಿಸದೆ ಬಿಟ್ಟ ಎಕ್ಸೆಲ್ ಸಾಲುಗಳು ಅದರಲ್ಲಿ ಇರುವುದಿಲ್ಲ. ಆದುದರಿಂದ ಮನೆಗೆ ಹೊರಡುವ ಮೊದಲು ಉಳಿಸಿ ಹೋಗುವಂತೆ ಗುಮಾಸ್ತರನ್ನು ಕೇಳಿಕೊಂಡಿದ್ದೇನೆ. ಶ್ಯಾಡೋ ಕಾಪಿ ಅದೇ ಕಂಪ್ಯೂಟರಿನ ಡಿಸ್ಕಿನಲ್ಲೇ ಕುಳಿತಿರುವುದರಿಂದ, ಅದರಿಂದ ಹೊರಗಿನ ಡಿಸ್ಕಿಗೆ ನಕಲಾಗುವವರೆಗೆ ನಾನು ಅದನ್ನು ಬ್ಯಾಕಪ್ ಎಂದು ಪರಿಗಣಿಸುವುದಿಲ್ಲ.

ಈಗ ಪ್ರತಿ ಶನಿವಾರ ಹಳೆಯ ಲ್ಯಾಪ್‌ಟಾಪಿಗೆ ಡೇಟಾಬೇಸನ್ನು ಮರಳಿ ತುಂಬಿಸಿ, ಅದರ ಕೊನೆಯ ಚೀಟಿಯ ಸಂಖ್ಯೆಯನ್ನು ಅಂಗಡಿಯ ಚೀಟಿ ಪುಸ್ತಕದೊಂದಿಗೆ ಹೋಲಿಸಿ ನೋಡುತ್ತೇನೆ.