ಹ್ಯಾಲೋವೀನ್ ಸಾಮಾನು ಮನೆಯಲ್ಲೇ ಮಾಡೋದು: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಹ್ಯಾಲೋವೀನ್ ಅಂದರೆ ಮನೆ ಮುಂದೆ ದೆವ್ವ, ಗೋರಿ ಇಟ್ಟು ಅಲಂಕರಿಸಿ, ಬಂದ ಮಕ್ಕಳಿಗೆ ಕ್ಯಾಂಡಿ ಕೊಡೋ ಅಕ್ಟೋಬರ್ 31ರ ಹಬ್ಬ. ಮುಂದಿನ ವರ್ಷದ ಹ್ಯಾಲೋವೀನ್ ಕೆಲಸ ಶುರು ಮಾಡೋಕೆ ಸರಿಯಾದ ದಿನ ನವೆಂಬರ್ 1. ಹಬ್ಬದ ಮಾರನೇ ಬೆಳಿಗ್ಗೆಯೇ ದೊಡ್ಡ ಅಂಗಡಿಗಳಲ್ಲಿ ಅಸ್ಥಿಪಂಜರ, ಮುಖವಾಡ, ದೀಪ ಎಲ್ಲವೂ ಅರ್ಧ ಬೆಲೆಗೆ ಇಳಿಯುತ್ತವೆ. ಇನ್ನೊಂದು ವಾರ ಕಾದರೆ ಇನ್ನೂ ಅಗ್ಗ, ಆದರೆ ಅಷ್ಟು ಹೊತ್ತಿಗೆ ಒಳ್ಳೆಯದೆಲ್ಲ ಖಾಲಿ. ಅಕ್ಟೋಬರ್ ಮೂರನೇ ವಾರ ಎಚ್ಚೆತ್ತುಕೊಂಡವರಿಗೆ ಪೂರ್ತಿ ಬೆಲೆಯ ಸಾಮಾನು, ಒಣಗದ ಬಣ್ಣ, ಎರಡೂ ಒಟ್ಟಿಗೆ ಸಿಗುತ್ತವೆ.

ಹೀಗೆ ಶುರುವಾಗೋ ವರ್ಷವಿಡೀ ಹವ್ಯಾಸ ಅಂದರೆ ದಿನಾ ದೆವ್ವ ಮಾಡುತ್ತಾ ಕೂರೋದಲ್ಲ. ಪ್ರತಿ ಪದರ ಒಣಗೋಕೆ ಒಂದು ದಿನ ಬೇಕು, ವಾರಾಂತ್ಯದಲ್ಲಿ ಎರಡು ಗಂಟೆ ಬಿಡುವು ಸಿಕ್ಕರೆ ಹೆಚ್ಚು. ಕೆಲಸ ತಾನಾಗಿಯೇ ತಿಂಗಳುಗಟ್ಟಲೆ ಹರಡಿಕೊಳ್ಳುತ್ತದೆ. ಮೊದಲ ವರ್ಷ ಒಂದೇ ಸಾಮಾನು ಹಿಡಿಯಿರಿ, ಅದು ಗೋರಿಕಲ್ಲಾಗಿರಲಿ. ಗಣೇಶನ ಮಂಟಪಕ್ಕೋ ಶಾಲೆಯ ಪ್ರಾಜೆಕ್ಟಿಗೋ ಥರ್ಮಾಕೋಲ್ ಕೊರೆದ ಕೈಗೆ ಇದು ಅರ್ಧ ಗೊತ್ತಿರೋ ಕೆಲಸವೇ. ಹೋಮ್ ಡಿಪೋ ಅನ್ನೋ ಮನೆ ಕಟ್ಟೋ ಸಾಮಾನಿನ ಅಂಗಡಿಯವರು 2020ರಲ್ಲಿ 12 ಅಡಿ ಅಸ್ಥಿಪಂಜರ ತಂದ ಮೇಲೆ ಬೀದಿಬೀದಿಯಲ್ಲೂ ಅದೇ ನಿಂತಿದೆ. ಎತ್ತರದಲ್ಲಿ ಅದರ ಜೊತೆ ಪೈಪೋಟಿ ಬೇಡ. ಪಕ್ಕದ ಮನೆಯಲ್ಲಿ ಇರಲಾರದ್ದು ನಿಮ್ಮ ಮನೆ ಮುಂದೆ ಇದ್ದರೆ ಸಾಕು.

ಗೋರಿಕಲ್ಲು

ಇದಕ್ಕೆ ಬೇಕಾದದ್ದು ಗೋಡೆಗೆ ಶಾಖ ನಿಲ್ಲಲು ಹಾಕುವ ಗುಲಾಬಿ ಅಥವಾ ನೀಲಿ ಫೋಮ್ ಹಲಗೆ, 2 ಇಂಚು ದಪ್ಪದ್ದು. ಮಣಿಮಣಿಯಾಗಿ ಉದುರುವ ಬಿಳಿ ಥರ್ಮಾಕೋಲ್ ಬೇಡ. ಕೊರೆದ ಅಂಚು ಚೂರಾಗುತ್ತದೆ, ಬಣ್ಣ ಬಳಿದ ಮೇಲೂ ಮಣಿ ಕಾಣುತ್ತದೆ. ಚಳಿ ರಾಜ್ಯಗಳ ಅಂಗಡಿಗಳಲ್ಲಿ 4 ಅಡಿಗೆ 8 ಅಡಿ ಹಲಗೆ ಸಲೀಸಾಗಿ ಸಿಗುತ್ತದೆ. ಟೆಕ್ಸಾಸ್, ಕ್ಯಾಲಿಫೋರ್ನಿಯಾ ಕಡೆ ಸಿಗೋದು ಕಷ್ಟ, 2 ಅಡಿ ಚೌಕದ ಸಣ್ಣ ತುಂಡುಗಳನ್ನೇ ಜೋಡಿಸಬೇಕಾಗಬಹುದು. ದೊಡ್ಡ ಹಲಗೆ ಕಾರಿನಲ್ಲಿ ಹಿಡಿಸೋದಿಲ್ಲ. ಕಟ್ಟರ್ ಚಾಕು, ಅಳತೆ ಟೇಪು ಜೊತೆಗಿರಲಿ. ಅಂಗಡಿಯ ಪಾರ್ಕಿಂಗಿನಲ್ಲೇ ಅರ್ಧ ಆಳ ಗೀರಿ ಮುರಿದರೆ 2 ಅಡಿಗೆ 4 ಅಡಿಯ ನಾಲ್ಕು ತುಂಡಾಗುತ್ತವೆ. ಒಂದೊಂದರಲ್ಲೂ ಒಂದೊಂದು ಕಲ್ಲು, ಕೆಳಗಿನ ಪೀಠಕ್ಕೂ ಪಟ್ಟಿ ಉಳಿಯುತ್ತದೆ.

ಕೆಲವು ಹಲಗೆಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಮೂಲೆಯನ್ನು ಉಗುರಿನಿಂದ ಕೆರೆದು ನೋಡಿ, ಎದ್ದರೆ ಪೂರ್ತಿ ಸುಲಿದುಬಿಡಿ. ಸುಲಿಯದೆ ಬಳಿದ ಬಣ್ಣ ಮೊದಲ ಮಳೆಗೇ ಬಾಳೆಹಣ್ಣಿನ ಸಿಪ್ಪೆ ಹಾಗೆ ಬರುತ್ತದೆ.

ಅಕ್ಷರ ಕೊರೆಯೋದರಲ್ಲಿ ಕನ್ನಡಕ್ಕೆ ಅದರದೇ ಲೆಕ್ಕ. ಇಂಗ್ಲಿಷ್ ಅಕ್ಷರ ನೆಟ್ಟಗಿನ ಗೀಟು, ನಮ್ಮದು ಸುರುಳಿ. ಸುರುಳಿಯ ನಡುವೆ ಉಳಿಯೋ ಫೋಮಿನ ಗುಬುಟು ಅರ್ಧ ಇಂಚಿಗಿಂತ ಚಿಕ್ಕದಾದರೆ ಕೊರೆಯುವಾಗಲೇ ಕಿತ್ತು ಬರುತ್ತದೆ. ಆದ್ದರಿಂದ ಅಕ್ಷರದ ಎತ್ತರ 3 ಇಂಚಿಗೆ ಕಡಿಮೆ ಇರಬಾರದು, ಒತ್ತಕ್ಷರ ಇರೋ ಪದ ಆದಷ್ಟು ಬೇಡ. ‘ನಾಳೆ ಬಾ’ ಅನ್ನೋದಕ್ಕಿಂತ ಒಳ್ಳೆಯ ಬರಹ ಸಿಗಲಾರದು: ಒಂದೂ ಒತ್ತಿಲ್ಲ, ಮೂರೇ ಅಕ್ಷರ. 1990ರ ದಶಕದಲ್ಲಿ ದೆವ್ವವನ್ನು ಸಾಗಹಾಕೋಕೆ ಬೆಂಗಳೂರಿನ ಬಾಗಿಲುಗಳ ಮೇಲೆ ಇದನ್ನು ಬರೆಯುತ್ತಿದ್ದ ಕಾಲ ನೋಡಿದವರು ಓದಿದ ತಕ್ಷಣ ನಗುತ್ತಾರೆ. ಉಳಿದವರಿಗೆ ಯಾವುದೋ ಮಂತ್ರದಂತೆ ಕಾಣುತ್ತದೆ. ಎರಡೂ ಬೇಕಾದ್ದೇ.

ಬರಹವನ್ನು ಕಾಗದದ ಮೇಲೆ ಪ್ರಿಂಟ್ ಹಾಕಿ ಹಲಗೆಗೆ ಟೇಪ್ ಮಾಡಿ, ಬಾಲ್‌ಪೆನ್ನಿಂದ ಒತ್ತಿ ಗೀಚಿದರೆ ಕೆಳಗೆ ಗುರುತು ಬೀಳುತ್ತದೆ. ಆಮೇಲೆ ಡ್ರೆಮೆಲ್‌ನಿಂದಲೋ (ಕೈಯಲ್ಲಿ ಹಿಡಿಯೋ ಸಣ್ಣ ಕೊರೆಯುವ ಯಂತ್ರ) ಬಿಸಿ ಚಾಕುವಿನಿಂದಲೋ ಕಾಲು ಇಂಚಿನಿಂದ ಮೂರು ಎಂಟಾಂಶ ಇಂಚಿನವರೆಗೆ ಕೊರೆಯಿರಿ. ಆಳ ಅದಕ್ಕಿಂತ ಕಡಿಮೆಯಾದರೆ ರಾತ್ರಿ ನೆರಳು ನಿಲ್ಲೋದಿಲ್ಲ. ಬಿಸಿ ಚಾಕುವಿನ ಹೊಗೆ ಒಳ್ಳೆಯದಲ್ಲ, ಡ್ರೆಮೆಲ್ಲಿನ ಧೂಳೂ ಅಷ್ಟೇ. ಗ್ಯಾರೇಜಿನ ಬಾಗಿಲು ತೆರೆದಿರಲಿ, ಮುಖಕ್ಕೆ ಮಾಸ್ಕ್ ಇರಲಿ.

ಈಗ ಕಲ್ಲನ್ನು ಹಳೆಯದು ಮಾಡಬೇಕು. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ಲನ್ನು ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಮಾಡಿ ಹಲಗೆಯುದ್ದಕ್ಕೂ ಒತ್ತುತ್ತಾ ಹೋಗಿ, ಕಲ್ಲಿನ ರಂಧ್ರಗಳು ಬರುತ್ತವೆ. ಮೂಲೆಗಳನ್ನು ಕೈಯಲ್ಲೇ ಮುರಿಯಿರಿ, ಚಾಕು ಬೇಡ, ಮಳೆಗೆ ಸವೆದ ಕಲ್ಲಿಗೆ ನೇರ ಗೀಟಿರೋದಿಲ್ಲ. ಬಿರುಕನ್ನು ಪೆನ್ಸಿಲ್ಲಿನಲ್ಲಿ ಗೀಚಿ ಅಗಲ ಮಾಡಿ, ಒಂದು ಬಿರುಕು ಅಂಚಿನಿಂದ ಶುರುವಾಗಿ ಒಂದು ಅಕ್ಷರವನ್ನು ಸೀಳಿಕೊಂಡು ಹೋಗಲಿ.

ಎಲ್ಲಕ್ಕಿಂತ ಹೆಚ್ಚು ಗೋರಿಕಲ್ಲುಗಳನ್ನು ಕೆಡಿಸಿರೋದು ಸ್ಪ್ರೇ ಪೇಂಟ್. ಅದರಲ್ಲಿರೋ ದ್ರಾವಕ ಫೋಮನ್ನು ಕರಗಿಸುತ್ತದೆ. ಎರಡೇ ನಿಮಿಷದಲ್ಲಿ ಮೇಲ್ಮೈ ಸುಟ್ಟ ಹಪ್ಪಳದಂತಾಗುತ್ತದೆ. ನೀರಿನ ಮೂಲದ ಲೇಟೆಕ್ಸ್ ಬಣ್ಣ ಮಾತ್ರ ಬಳಸಿ. ಕೈಪಳಗಿದವರು ಮೊದಲ ಪದರಕ್ಕೆ ಡ್ರೈಲಾಕ್ ಬಳಿಯುತ್ತಾರೆ, ಬೇಸ್‌ಮೆಂಟ್ ಗೋಡೆಗೆ ನೀರು ಇಳಿಯದಂತೆ ಬಳಿಯುವ ಬಣ್ಣ ಅದು. ಅದರಲ್ಲೂ ನೀರಿನ ಮೂಲದ್ದನ್ನೇ ಕೇಳಿ ತನ್ನಿ. ಮರಳು ಮರಳಾಗಿರೋದರಿಂದ ಮುಟ್ಟಿದರೂ ಕಲ್ಲೇ ಅನ್ನಿಸುತ್ತದೆ. ಅಂಟಿಗೂ ಇದೇ ನಿಯಮ, ಡಬ್ಬಿಯ ಮೇಲೆ ಫೋಮಿಗೆ ಆಗುತ್ತದೆ ಅಂತ ಬರೆದಿರಬೇಕು. ಬಿಳಿ ಫೆವಿಕಾಲ್ ತರಹದ ಅಂಟನ್ನು ಎರಡು ಹಲಗೆಗಳ ನಡುವೆ ಹಾಕಿದರೆ ಗಾಳಿ ಹೋಗದೆ ವಾರವಾದರೂ ಹಸಿಯಾಗೇ ಇರುತ್ತದೆ.

ಬೂದು ಬಣ್ಣದ ಎರಡು ಪದರ, ನಡುವೆ ಒಂದು ರಾತ್ರಿ ಬಿಡುವು. ಹವೆ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿದ್ದರೆ ಲೇಟೆಕ್ಸ್ ಸರಿಯಾಗಿ ಕೂರೋದಿಲ್ಲ. ಮಿಷಿಗನ್ ಕಡೆಯವರು ಚಳಿಗಾಲದಲ್ಲಿ ಕೊರೆತ ಮುಗಿಸಿಕೊಂಡು ಬಣ್ಣವನ್ನು ಮೇ ತಿಂಗಳಿಗೆ ಇಟ್ಟುಕೊಳ್ಳೋದು ಅದಕ್ಕೇ. ಅಕ್ಷರದ ಒಳಗೆ ಕಪ್ಪು ತುಂಬಿ. ಆಮೇಲೆ ಒಂದು ಪಾಲು ಕಪ್ಪು ಅಕ್ರಿಲಿಕ್‌ಗೆ ಹತ್ತು ಪಾಲು ನೀರು ಬೆರೆಸಿ, ಕಲ್ಲನ್ನು ನಿಲ್ಲಿಸಿ ತಲೆಯ ಮೇಲಿಂದ ಸಿಂಪಡಿಸಿ. ಅದು ತಾನಾಗಿ ಇಳಿದ ದಾರಿಯೇ ಮಳೆಯ ಕಲೆ, ಒರೆಸೋಕೆ ಹೋಗಬೇಡಿ. ಕೊನೆಗೆ ತಿಳಿ ಬೂದು ಬಣ್ಣದಲ್ಲಿ ಬ್ರಷ್ ಅದ್ದಿ, ಹಳೇ ಬನಿಯನ್ನಿಗೆ ಚೆನ್ನಾಗಿ ಒರೆಸಿ, ಬಹುತೇಕ ಒಣಗಿದ ಬ್ರಷ್ಷನ್ನು ಮೇಲ್ಮೈಗೆ ಸವರಿ. ಏಣುಗಳಿಗಷ್ಟೇ ಬಣ್ಣ ಹತ್ತುತ್ತದೆ. ಫೋಮು ಕಲ್ಲಾಗೋದು ಇಲ್ಲೇ, ಈ ಐದು ನಿಮಿಷದಲ್ಲಿ. ಬುಡಕ್ಕೆ ಸ್ವಲ್ಪ ಪಾಚಿ ಹಸಿರು ತಾಗಿಸಿ ಬಿಡಿ.

ನಿಲ್ಲಿಸೋದು. ಮೂರಡಿಗೆ ಎರಡಡಿಯ ಕಲ್ಲು ಎರಡು ಮೂರು ಪೌಂಡ್ ತೂಗುತ್ತದೆ. ಗಂಟೆಗೆ 40 ಮೈಲಿಯ ಗಾಳಿ ಅದರ ಮೇಲೆ ಸುಮಾರು 25 ಪೌಂಡಿನಷ್ಟು ಒತ್ತುತ್ತದೆ. ಅಂಗಡಿಯಲ್ಲಿ ಕೊಡೋ ತಂತಿ ಮೊಳೆ ಇದಕ್ಕೆ ಏನೇನೂ ಸಾಲದು. ಹಿಂಬದಿಯಲ್ಲಿ ಎರಡು ಉದ್ದ ತೋಡು ಕೊರೆದು ಅರ್ಧ ಇಂಚಿನ ಪಿವಿಸಿ ಪೈಪಿನ ಒಂದೊಂದಡಿ ತುಂಡು ಅಂಟಿಸಿ. ನೆಲಕ್ಕೆ ಮೂರು ಎಂಟಾಂಶ ಇಂಚಿನ ಕಬ್ಬಿಣದ ಸರಳು, ಎರಡಡಿ ಉದ್ದದ್ದು, ಅರ್ಧದವರೆಗೆ ಹೊಡೆದು ಪೈಪನ್ನು ಅದರ ಮೇಲೆ ಇಳಿಸಿ. ಹೊಡೆಯೋ ಮುಂಚೆ ಹುಲ್ಲಿನ ಕೆಳಗೆ ಸ್ಪ್ರಿಂಕ್ಲರ್ ಪೈಪು ಎಲ್ಲಿದೆ ತಿಳಿದುಕೊಳ್ಳಿ. ಗ್ಯಾಸು, ಕರೆಂಟಿನ ಲೈನಿಗೆ 811ಕ್ಕೆ ಕೆಲವು ದಿನ ಮುಂಚೆ ಫೋನ್ ಮಾಡಿದರೆ ಬಂದು ಗುರುತು ಹಾಕಿ ಹೋಗುತ್ತಾರೆ, ದುಡ್ಡಿಲ್ಲ. ಬರೀ ಸರಳು ಮೇಲೆ ಉಳಿದಿದ್ದರೆ ಕತ್ತಲಲ್ಲಿ ಮಕ್ಕಳ ಕಾಲಿಗೆ ಕಂಟಕ.

ಮೈದಾ ಅಂಟು, ಪ್ಲಾಸ್ಟಿಕ್ ಚರ್ಮ, ಹಾರೋ ದೆವ್ವ

ಮುಖ, ಕೈ, ಕುಂಬಳಕಾಯಿಗೆ ಕಾಗದವೇ ಸಾಕು. ಬಲೂನಿನ ಮೇಲೆ ಹರಿದ ಪೇಪರ್ ಪಟ್ಟಿ ಅಂಟಿಸೋದು. ಹರಿದದ್ದು ಅಂಚಿನಲ್ಲಿ ಮಟ್ಟವಾಗುತ್ತದೆ, ಕತ್ತರಿಸಿದ್ದು ಗೀಟಾಗಿ ಕಾಣುತ್ತದೆ. ಒಂದು ಸಲಕ್ಕೆ ಒಂದೇ ಪದರ, ಒಟ್ಟು ನಾಲ್ಕು. ಒಂದೇ ದಿನ ನಾಲ್ಕೂ ಹಾಕಿದರೆ ಒಳಗೆ ಬೂಸ್ಟು ಹಿಡಿಯುತ್ತದೆ. ಸಿನಿಮಾ ಪೋಸ್ಟರಿಗೆ ಬಳಿಯೋ ಮೈದಾ ಅಂಟೇ ಇಲ್ಲಿಯೂ ನಡೆಯುತ್ತದೆ. ಊರಿನಲ್ಲಿ ಪುಸ್ತಕ ಕಟ್ಟೋರು ಹುಳ ಬರದಂತೆ ಮೈಲುತುತ್ತ ಹಾಕುತ್ತಿದ್ದರು, ಅದು ವಿಷ, ಮಕ್ಕಳಿರೋ ಮನೆಗೆ ಬೇಡ, ಒಂದು ಬಟ್ಟಲಿಗೆ ಒಂದು ದೊಡ್ಡ ಚಮಚ ಉಪ್ಪು ಸಾಕು. ಆದರೂ ಗ್ಯಾರೇಜಿನ ಇಲಿಗೆ ಮೈದಾ ಊಟವೇ, ಆದ್ದರಿಂದ ಮರ ಜೋಡಿಸೋ ಅಂಟಿಗೆ ಅರ್ಧ ನೀರು ಬೆರೆಸಿ ಬಳಸೋದು ವಾಸಿ.

ನವೆಂಬರಿನಲ್ಲಿ ಅಗ್ಗಕ್ಕೆ ತಂದ ಬಿಳಿ ಅಸ್ಥಿಪಂಜರ ಆಟಿಕೆಯಂತೆ ಕಾಣುತ್ತದಲ್ಲ, ಅದಕ್ಕೆ ಬಣ್ಣದವರು ನೆಲಕ್ಕೆ ಹಾಸೋ ತೀರಾ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಹೀಟ್ ಗನ್ ಹಿಡಿಯಿರಿ. ಹಾಳೆ ಕುಗ್ಗಿ, ತೂತಾಗಿ, ಎಲುಬಿಗೆ ಒಣಚರ್ಮದಂತೆ ಅಂಟುತ್ತದೆ. ದಪ್ಪ ಹಾಳೆ ಕುಗ್ಗೋದಿಲ್ಲ, ಗನ್ನನ್ನು ಒಂದೇ ಕಡೆ ಹಿಡಿದರೆ ಪಕ್ಕೆಲುಬೇ ಬಾಗುತ್ತದೆ. ಅಂಗಳದಲ್ಲೇ ಮಾಡಿ. ಮೇಲೆ ಮರಕ್ಕೆ ಬಳಿಯುವ ಕಡು ಕಂದು ಸ್ಟೇನ್, ಎಣ್ಣೆ ಮೂಲದ್ದು, ನೀರಿನದು ಪ್ಲಾಸ್ಟಿಕ್ಕಿನ ಮೇಲೆ ಕೆಸುವಿನೆಲೆ ಮೇಲಿನ ಹನಿಯ ಹಾಗೆ ಜಾರುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಬೇಡಿ. ಎಣ್ಣೆ ಒಣಗುವಾಗ ಬಿಸಿಯಾಗಿ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಒಂದೊಂದನ್ನೇ ಹರಡಿ ಒಣಗಿಸಿ, ಆಮೇಲೆ ಬಿಸಾಕಿ.

ಚಲಿಸೋ ದೆವ್ವ ಎರಡನೇ ವರ್ಷಕ್ಕೆ. ಅದರ ತಲೆಗೊಂದು, ಎರಡು ಮಣಿಕಟ್ಟಿಗೆ ಒಂದೊಂದು, ಹೀಗೆ ಮೂರು ದಾರ. ಮೇಲೆ ಒಂದು ಚೌಕಟ್ಟು, ಅದಕ್ಕೆ ಹಳೇ ಕಾರಿನ ವೈಪರ್ ಮೋಟಾರು, ದಾರ ಎಳೆದು ಬಿಡೋಕೆ ಮೋಟಾರಿಗೆ ಒಂದು ತೋಳು. ನಮ್ಮ ಸೂತ್ರದ ಬೊಂಬೆಯೇ, ಆಡಿಸೋ ಕೈ ಮಾತ್ರ ಮೋಟಾರಿನದು. 12 ವೋಲ್ಟ್ ಕೊಟ್ಟರೆ ಏರೋಬಿಕ್ಸ್ ಮಾಡೋ ದೆವ್ವವಾಗುತ್ತದೆ. 5 ವೋಲ್ಟಿನಲ್ಲಿ ನಿಧಾನವಾಗಿ ತೇಲುತ್ತದೆ, ಆದರೆ ಅಡಾಪ್ಟರು 5 ಆಂಪಿಯರಾದರೂ ಕೊಡುವಂಥದ್ದಿರಬೇಕು. ಫೋನ್ ಚಾರ್ಜರಿಗೆ ಮೋಟಾರು ಅಲುಗೋದೂ ಇಲ್ಲ. ಬಹಳಷ್ಟು ವೈಪರ್ ಮೋಟಾರುಗಳಲ್ಲಿ ಕರೆಂಟಿನ ಒಂದು ಕೊನೆ ಲೋಹದ ಮೈಗೇ ಸೇರಿರುತ್ತದೆ, ಹಾಗಾಗಿ ಮರದ ಹಲಗೆಗೇ ಬಿಗಿಯಿರಿ. ದೆವ್ವದ ಮೈಗೆ ಬಿಳಿ ಚೀಸ್‌ಕ್ಲಾತ್, ಅಂದರೆ ಜಾಳು ಹತ್ತಿಬಟ್ಟೆ. ಅದನ್ನು ಬಟ್ಟೆ ಒಗೆಯೋ ಡಿಟರ್ಜೆಂಟಿನಲ್ಲಿ ಅದ್ದಿ ಒಣಗಿಸಿದರೆ, ಬಟ್ಟೆ ಬೆಳ್ಳಗೆ ಕಾಣಲೆಂದು ಅದರೊಳಗೆ ಹಾಕಿರೋ ಹೊಳಪುಕಾರಕ ಬ್ಲ್ಯಾಕ್‌ಲೈಟ್ ಅನ್ನೋ ನೇರಳಾತೀತ ದೀಪದಲ್ಲಿ ನೀಲಿಯಾಗಿ ಹೊಳೆಯುತ್ತದೆ. ಮೀನು ಹಿಡಿಯೋ ನೂಲು ಮಾತ್ರ ಬೇಡ, ಎಷ್ಟೋ ನೂಲುಗಳು ಅದೇ ಬೆಳಕಿನಲ್ಲಿ ದೆವ್ವಕ್ಕಿಂತ ಜೋರಾಗಿ ಹೊಳೆಯುತ್ತವೆ. ಕಪ್ಪು ದಾರ ಸಾಕು.

ಬೆಳಕು, ಬೀದಿ, ಹಬ್ಬ

ಮಾಡಿದ್ದನ್ನು ಹಗಲಿನಲ್ಲಿ ನೋಡಿ ಬೇಜಾರಾಗಬೇಡಿ. ರಾತ್ರಿ ಫುಟ್‌ಪಾತಿನ ಮೇಲೆ ನಿಂತು ನೋಡಿ ತೀರ್ಮಾನಿಸಿ. ಎದುರಿನಿಂದ ಬಿಳಿ ದೀಪ ಹಾಕಿದರೆ ಕೊರೆತವೆಲ್ಲ ಚಪ್ಪಟೆ. ಒಂದೇ ಸಣ್ಣ ನೀಲಿ ಎಲ್‌ಇಡಿಯನ್ನು ಕಲ್ಲಿನ ಪಕ್ಕದಲ್ಲಿ, ನೆಲಮಟ್ಟದಲ್ಲಿಟ್ಟು ಓರೆಯಾಗಿ ಬಿಡಿ, ಕಾಲು ಇಂಚಿನ ಗೀರೂ ಕಪ್ಪಾಗಿ ಕಾಣುತ್ತದೆ. ಹೊರಗೆ ಬಳಸೋ ವೈರು ಹೊರಗಿನದೇ ಇರಲಿ, ಪ್ಲಗ್ಗು ಜಿಎಫ್‌ಸಿಐ (ಕರೆಂಟು ಸೋರಿದರೆ ತಾನೇ ಕಡಿಯೋ ವ್ಯವಸ್ಥೆ) ಇರೋ ಸಾಕೆಟ್ಟಿಗೇ ಹೋಗಲಿ.

ಬಾಗಿಲ ದೀಪ ಉರಿಯುತ್ತಿದ್ದರೆ ಇಲ್ಲಿ ಕ್ಯಾಂಡಿ ಸಿಗುತ್ತದೆ ಅಂತ ಅರ್ಥ, ವಾತಾವರಣ ಸೃಷ್ಟಿಸೋಕೆ ಹೋಗಿ ಅದನ್ನು ಆರಿಸಿದರೆ ಮಕ್ಕಳು ಬರೋದೇ ಇಲ್ಲ. ದೀಪಾವಳಿ ಹತ್ತಿರವೇ ಬರುತ್ತದೆ. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಿದ್ದಿತ್ತು. ಅಂಥ ವರ್ಷ ಒಂದೇ ಮೆಟ್ಟಿಲ ಮೇಲೆ ಹಣತೆ, ಫೋಮು, ಚೀಸ್‌ಕ್ಲಾತ್ ಮೂರನ್ನೂ ಇಡಬೇಡಿ. ಮೂರನೆಯದು ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ, ಉದ್ದ ನಿಲುವಂಗಿಯ ಮಕ್ಕಳು ಅದರ ಪಕ್ಕದಲ್ಲೇ ಸಾಲುಗಟ್ಟಿರುತ್ತಾರೆ. ರಂಗೋಲಿಯ ಹತ್ತಿರ ಬ್ಯಾಟರಿ ದೀಪ ಇಡಿ, ಎಣ್ಣೆ ಹಣತೆ ಒಳಗಿರಲಿ.

ಇನ್ನೊಂದು ಮಾತು. ಊರಿನಲ್ಲಿ ಕಟ್ಟುತ್ತಿರೋ ಮನೆಗೆ ದೃಷ್ಟಿಬೊಂಬೆ ನೇತುಹಾಕೋದು ನಮಗೆ ಮಾಮೂಲು. ಇಲ್ಲಿ ಮರಕ್ಕೆ ಕುತ್ತಿಗೆಯಿಂದ ನೇತುಹಾಕಿದ ಬೊಂಬೆ ಕಂಡರೆ ಜನಕ್ಕೆ ನೆನಪಾಗೋದು ಗುಂಪು ಸೇರಿ ಕಪ್ಪು ಜನರನ್ನು ನೇಣಿಗೇರಿಸಿದ ಚರಿತ್ರೆ. ತಮಾಷೆಗೂ ಬೇಡ. ಹತ್ತಿಯ ಜೇಡರಬಲೆಯನ್ನು ಗಿಡಗಳ ಮೇಲೆ ಎಳೆಯೋದೂ ಬೇಡ, ಹಕ್ಕಿ, ಜೇನುನೊಣ ಸಿಕ್ಕಿಕೊಳ್ಳುತ್ತವೆ. ದಪ್ಪ ಹಗ್ಗದಲ್ಲಿ ದೊಡ್ಡ ಕಣ್ಣಿನ ಬಲೆ ಹೆಣೆಯಿರಿ. ಎಚ್‌ಒಎ (ಮನೆಮಾಲೀಕರ ಸಂಘ) ಇರೋ ಬಡಾವಣೆಯ ನಿಯಮಗಳಲ್ಲಿ ಎಂದಿನಿಂದ ಎಂದಿನವರೆಗೆ ಅಲಂಕಾರ ಇಡಬಹುದು ಅಂತ ಬರೆದಿರುತ್ತಾರೆ, ಓದಿಕೊಳ್ಳಿ. ಬಾಡಿಗೆ ಅಪಾರ್ಟ್‌ಮೆಂಟಿನವರು ಒಂದಿಂಚಿನ ಫೋಮಿನಲ್ಲಿ ‘ನಾಳೆ ಬಾ’ ಫಲಕ ಮಾಡಿ, ಗೋಡೆ ಕೆಡದ ಅಂಟುಕೊಕ್ಕೆಯಲ್ಲಿ ಬಾಗಿಲಿಗೆ ತೂಗುಹಾಕಿದರೆ ಅವರ ಹಬ್ಬ ಆಯಿತು.

ನಿಜವಾದ ಕುಂಬಳಕಾಯಿ ಕೊರೆಯೋದು ಕೊನೆಯ ಎರಡು ಮೂರು ದಿನದ ಕೆಲಸ. ಒಂದು ವಾರ ಮುಂಚೆ ಕೊರೆದದ್ದು ಕುಸಿದು ಬೀಳುತ್ತದೆ, ಅಷ್ಟರೊಳಗೆ ಅಳಿಲು ಅರ್ಧ ತಿಂದಿರುತ್ತದೆ. ಅದಕ್ಕೆ ಇಂಗ್ಲಿಷಿನಲ್ಲಿರೋ ಜ್ಯಾಕ್ ಓ ಲ್ಯಾಂಟರ್ನ್ ಅನ್ನೋ ಹೆಸರು ಮೊದಲು ಜೌಗಿನಲ್ಲಿ ಮಿನುಗೋ ಬೆಳಕಿಗಿತ್ತು, ಅಂದರೆ ನಮ್ಮ ಕೊಳ್ಳಿದೆವ್ವಕ್ಕೆ.

ಎತ್ತಿಡುವಾಗ ಗೋರಿಕಲ್ಲುಗಳನ್ನು ಮುಖಕ್ಕೆ ಮುಖ ಹಚ್ಚಿ ಜೋಡಿಸಬೇಡಿ. ಲೇಟೆಕ್ಸ್ ಬಣ್ಣ ಸೆಕೆಗೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡು, ಬಿಡಿಸುವಾಗ ಅಕ್ಷರವೇ ಕಿತ್ತು ಬರುತ್ತದೆ. ನಡುವೆ ಮೇಣದ ಕಾಗದ ಹಾಕಿ. ಅಟ್ಟದ ಮೇಲಂತೂ ಇಡಲೇಬೇಡಿ, ಜುಲೈನಲ್ಲಿ ಅಲ್ಲಿನ ಶಾಖಕ್ಕೆ ಗ್ಲೂ ಗನ್ನಿನ ಅಂಟು ಸಡಿಲಾಗಿ ಪೀಠ ಒಂದು ಕಡೆ, ಕಲ್ಲು ಒಂದು ಕಡೆ ಬಿದ್ದಿರುತ್ತವೆ. ಬೇಸ್‌ಮೆಂಟಿನ ಗೋಡೆಗೆ ನೆಟ್ಟಗೆ ಒರಗಿಸಿ, ಸರಳುಗಳನ್ನು ಒಂದು ಕಟ್ಟು ಕಟ್ಟಿ ಅದರ ಹಿಂದೆಯೇ ಇಡಿ. ಮುಂದಿನ ಸೆಪ್ಟೆಂಬರಿನಲ್ಲಿ ಹುಡುಕಬೇಕಾಗೋದು ಅವನ್ನೇ.