ಮಳೆಗಾಲ ಕಳೆದ ದೋಣಿಗೆ ಮೊದಲು ಬಿಸಿಲು, ಆಮೇಲೆ ರೆಸಿನ್

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕರ್ನಾಟಕದಲ್ಲಿ ಚಿಕ್ಕ ಎಂಜಿನ್ನಿನ ನಾಡದೋಣಿಗಳಿಗೆ ಈ ನಿಷೇಧ ಇಲ್ಲ. ಆದರೆ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ತೆರೆ ಎದ್ದು ನಿಂತಾಗ ಒಬ್ಬಿಬ್ಬರು ಹೋಗುವ ಫೈಬರ್ ದೋಣಿಯನ್ನು ನೀರಿಗೆ ಇಳಿಸುವವರು ಕಡಿಮೆ. ದೋಣಿ ತೆಂಗಿನ ಬುಡಕ್ಕೆ ಬರುತ್ತದೆ. ಮೇಲೊಂದು ಟಾರ್ಪಾಲು, ಅದರ ಮೇಲೆ ನಾಲ್ಕು ಮಡಲು. ಎರಡು ಮೂರು ತಿಂಗಳು ಅಲ್ಲೇ.

ಉಪ್ಪುನೀರಿನಲ್ಲಿ ವರ್ಷವಿಡೀ ಇದ್ದ ದೋಣಿಗೆ ಮಳೆನೀರು ಏನು ಮಾಡೀತು ಅನ್ನಿಸಬಹುದು. ಆದರೆ ದೋಣಿಯೊಳಗಿನ ಮರವನ್ನು ಕೊಳೆಸುವುದು ಹೆಚ್ಚಾಗಿ ಸಿಹಿನೀರೇ. ಉಪ್ಪು ಇರುವ ಕಡೆ ಮರ ತಿನ್ನುವ ಬೂಸ್ಟು ಅಷ್ಟು ಸುಲಭವಾಗಿ ಬೆಳೆಯುವುದಿಲ್ಲ. ಟಾರ್ಪಾಲಿನ ಹರಕಿನಿಂದ ತೊಟ್ಟಿಕ್ಕಿ, ತಳದಲ್ಲಿ ನಿಂತು, ಮೊಳೆಯ ತೂತಿನಲ್ಲಿ ಇಳಿಯುವ ಮಳೆನೀರನ್ನೇ ನಾವು ಹುಡುಕಬೇಕು.

ತೊಳೆದು, ತಟ್ಟಿ ನೋಡಿ

ಮೊದಲು ಹಿಂಭಾಗದ ಬಿರಡೆ ತೆಗೆದು, ಮೂತಿಯ ಕಡೆ ಸ್ವಲ್ಪ ಎತ್ತಿ ನೀರೆಲ್ಲ ಬಸಿಯಿರಿ. ಎಲೆ, ಮರಳು, ಪಾಚಿ ತೆಗೆಯಿರಿ. ಹಲಗೆಯ ಅಡಿ ಕೈ ಹಾಕುವ ಮುಂಚೆ ಕೋಲಿನಲ್ಲಿ ಕೆದಕಿ, ಹಾವು ಇದ್ದೀತು. ಸೋಪಿನ ನೀರಿನಲ್ಲಿ ಉಜ್ಜಿ ತೊಳೆಯಿರಿ. ಕೊಳೆ ಇರುವ ಮೈಯಲ್ಲಿ ಬಿರುಕು ಕಾಣುವುದಿಲ್ಲ.

ಈಗ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಅಂಗೈಯಗಲಕ್ಕೆ ಒಂದೊಂದು ಸಲ ತಟ್ಟುತ್ತಾ ಹೋಗಿ. ಹಲಸಿನ ಹಣ್ಣು ಬಡಿದು ನೋಡುತ್ತೇವಲ್ಲ, ಹಾಗೆಯೇ. ಗಟ್ಟಿ ಇರುವಲ್ಲಿ ‘ಟಕ್’ ಅನ್ನುತ್ತದೆ. ಪದರ ಬಿಟ್ಟಲ್ಲಿ ಸದ್ದು ಸತ್ತು ‘ಡಬ್’ ಅನ್ನುತ್ತದೆ. ಅಂಥ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಿ. ಗುಳ್ಳೆ ಎದ್ದಿದ್ದರೆ ಚುಚ್ಚಿ ನೋಡಿ. ವಿನೆಗರ್ ವಾಸನೆಯ ನೀರು ಬಂದರೆ ಫೈಬರಿನೊಳಗೇ ತೇವ ಹೊಕ್ಕಿದೆ ಎಂದರ್ಥ. ಕೂದಲೆಳೆ ಬಿರುಕುಗಳಿಗೆಲ್ಲ ಹೆದರಬೇಕಿಲ್ಲ. ಮೊನಚು ತುದಿಯಿಂದ ಕೆರೆಯಿರಿ. ಹೊರಗಿನ ಬಣ್ಣದ ಪದರದಲ್ಲೇ ನಿಂತರೆ ಮುಚ್ಚಿದರೆ ಸಾಕು. ಒಳಗಿನ ನೂಲು ಕಂಡರೆ ರಿಪೇರಿ ಬೇಕು.

ಎಂಜಿನ್ ಕೂರಿಸುವ ಹಿಂದಿನ ಹಲಗೆಯನ್ನು ಮಾತ್ರ ಸುಮ್ನೆ ಕಣ್ಣಿನಲ್ಲಿ ನೋಡಿ ಬಿಡಬೇಡಿ. ಅನೇಕ ದೋಣಿಗಳಲ್ಲಿ ಅದರೊಳಗೆ ಪ್ಲೈವುಡ್ ಇರುತ್ತದೆ. ಎಂಜಿನ್ನಿನ ಕೆಳತುದಿ ಹಿಡಿದು ಜಗ್ಗಿ. ಹಲಗೆ ಅಲುಗಿದರೆ ಅಥವಾ ಬೋಲ್ಟಿನ ಸುತ್ತ ಕಂದು ನೀರು ಜಿನುಗಿದ್ದರೆ ಒಳಬದಿಯಿಂದ ಒಂದು ಸಣ್ಣ ತೂತು ಕೊರೆಯಿರಿ. ಒಣಗಿದ ತಿಳಿಬಣ್ಣದ ಪುಡಿ ಬಂದರೆ ನೆಮ್ಮದಿ, ತೂತನ್ನು ಗಟ್ಟಿಯಾಗುವ ಅಂಟುದ್ರವವಾದ ರೆಸಿನ್‌ನಿಂದ ಮುಚ್ಚಿಬಿಡಿ. ಕಪ್ಪಗಿನ ಒದ್ದೆ ಪುಡಿ ಬಂದರೆ ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಫೈಬರ್ ಕೆಲಸದ ಮೇಸ್ತ್ರಿಯನ್ನು ಕರೆಯಿರಿ. ಹೊಸದಾಗಿ ಹಾಕುವ ಪ್ಲೈವುಡ್ ಐಎಸ್ 710 ಗುರುತಿನ ಮೆರೈನ್ ಪ್ಲೈ ಆಗಿರಲಿ. ಇಲ್ಲಿ ದುಡ್ಡು ಉಳಿಸಬೇಡಿ. ತೆರೆಯ ನಡುವೆ ಹಲಗೆ ಕಿತ್ತರೆ ಎಂಜಿನ್ ಸಮುದ್ರದ ಪಾಲು, ಆ ಜಾಗದಿಂದ ನೀರು ಒಳಗೆ.

ಒಣಗುವವರೆಗೆ ಕಾಯಿರಿ

ಹೆಚ್ಚಿನವರು ತಪ್ಪುವುದು ಇಲ್ಲೇ. ನಾನೂ ತಪ್ಪಿದ್ದೇನೆ. ನೂಲು ಹುಣ್ಣಿಮೆಯ ಸಮುದ್ರ ಪೂಜೆ ಮುಗಿದು ಎಲ್ಲರೂ ಹೊರಟರು ಎಂದು ಅವಸರದಲ್ಲಿ ಒದ್ದೆ ಮೈಗೆ ತೇಪೆ ಹಾಕಿದೆ. ಮೂರೇ ವಾರದಲ್ಲಿ ಅದು ಸಿಪ್ಪೆಯ ಹಾಗೆ ಎದ್ದು ಬಂತು. ತೇವದ ಮೇಲೆ ಪಾಲಿಯೆಸ್ಟರ್ ರೆಸಿನ್ ಹಿಡಿಯುವುದಿಲ್ಲ.

ತುಳುನಾಡಿನ ಮಳೆಯ ತಿಂಗಳು ಆಟಿ ಕಳೆದು ಸೋಣ (ಆಗಸ್ಟ್ ನಡುವಿನಿಂದ) ಬಂದರೆ ನಡುನಡುವೆ ಗಟ್ಟಿ ಬಿಸಿಲು ಸಿಗುತ್ತದೆ. ದೋಣಿಯನ್ನು ನೆಲಕ್ಕೆ ತಾಗದಂತೆ ಮರದ ತುಂಡುಗಳ ಮೇಲೆ ಏರಿಸಿ. ಹಗಲು ತೆರೆದಿಡಿ. ರಾತ್ರಿ ಮುಚ್ಚಿ, ಆದರೆ ಗಾಳಿಯಾಡಲಿ. ರಿಪೇರಿ ಮಾಡುವ ಜಾಗದ ಮೇಲೆ ಒಂದಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಇಟ್ಟು ನಾಲ್ಕೂ ಬದಿಗೆ ಟೇಪ್ ಅಂಟಿಸಿ. ಮರುದಿನ ಅದರ ಒಳಮೈಯಲ್ಲಿ ಹನಿ ಕಂಡರೆ ಇನ್ನೂ ಕಾಯಬೇಕು. ವಾರ ಆದರೂ ಆಗಲಿ.

ತೇಪೆ ಹಾಕುವುದು

ಒಡೆದ ಜಾಗವನ್ನು ಗಟ್ಟಿ ಫೈಬರ್ ಸಿಗುವ ತನಕ ಗ್ರೈಂಡರಿನಲ್ಲಿ ಸವೆಸಿ. ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಬೇಕೇ ಬೇಕು. ಆ ಪುಡಿ ಗಾಜಿನದು. ಗುಂಡಿ ಕಡಿದಾಗಿರಬಾರದು, ತಟ್ಟೆಯಂತೆ ಇಳಿಜಾರಾಗಿರಲಿ. ದಪ್ಪದ ಹನ್ನೆರಡು ಪಟ್ಟು ಇಳಿಜಾರು ಒಳ್ಳೆಯ ಲೆಕ್ಕ. ಅಂದರೆ 6 ಮಿ.ಮೀ. ದಪ್ಪದ ದೋಣಿಗೆ ತೂತಿನ ಸುತ್ತ ಸುಮಾರು 7 ಸೆಂ.ಮೀ. ಕೆಲಸ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಆದರೆ ತೇಪೆಯ ಹಿಡಿತವೆಲ್ಲ ಆ ಇಳಿಜಾರಿನಲ್ಲೇ ಇದೆ. ಆರಪಾರ ತೂತಾಗಿದ್ದರೆ ಇನ್ನೊಂದು ಬದಿಗೆ ಪ್ಲಾಸ್ಟಿಕ್ ಸುತ್ತಿದ ರಟ್ಟು ಒತ್ತಿ ಕಟ್ಟಿ. ಕೊನೆಗೆ ಅಸಿಟೋನ್ ಹಾಕಿದ ಬಟ್ಟೆಯಿಂದ ಒರೆಸಿ.

ಫೈಬರ್ ಮ್ಯಾಟನ್ನು (ಗಾಜಿನ ನೂಲಿನ ಹಾಸು) ಮೊದಲೇ ಕತ್ತರಿಸಿಟ್ಟುಕೊಳ್ಳಿ. ದೊಡ್ಡ ತುಂಡು ಮೊದಲು, ಸಣ್ಣದು ಆಮೇಲೆ. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಬೇಕಾಗುತ್ತದೆ. ನೂರು ಗ್ರಾಂ ರೆಸಿನ್ನಿಗೆ ಒಂದರಿಂದ ಎರಡು ಗ್ರಾಂ ಹಾರ್ಡ್ನರ್, ಅಂದರೆ ಅದನ್ನು ಗಟ್ಟಿ ಮಾಡುವ ದ್ರವ. ಡಬ್ಬಿಯ ಮೇಲೆ ಬೇರೆ ಲೆಕ್ಕ ಇದ್ದರೆ ಅದನ್ನೇ ಪಾಲಿಸಿ.

ಇನ್ನೊಂದು ಮಾತು, ದಯವಿಟ್ಟು ನೆನಪಿಡಿ. ಅಂಗಡಿಯಲ್ಲಿ ಕೆಲವೊಮ್ಮೆ ರೆಸಿನ್, ಕೋಬಾಲ್ಟ್ (ಬೇಗ ಗಟ್ಟಿಯಾಗಲು ಹಾಕುವ ದ್ರವ), ಹಾರ್ಡ್ನರ್ ಮೂರನ್ನೂ ಬೇರೆ ಬೇರೆ ಕೊಡುತ್ತಾರೆ. ಕೋಬಾಲ್ಟನ್ನೂ ಹಾರ್ಡ್ನರನ್ನೂ ಎಂದೂ ನೇರವಾಗಿ ಬೆರೆಸಬೇಡಿ. ಸ್ಫೋಟ ಆಗಬಹುದು. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಕಿ. ಅದು ಪೂರ್ತಿ ಬೆರೆತ ಮೇಲೆಯೇ ಹಾರ್ಡ್ನರ್. ಹಾರ್ಡ್ನರ್ ಕಣ್ಣಿಗೆ ಸಿಡಿದರೆ ತಕ್ಷಣ ನೀರಿನಿಂದ ತೊಳೆಯುತ್ತಲೇ ಇರಿ, ಆಸ್ಪತ್ರೆಗೆ ಓಡಿ.

ಒಂದು ಸಲಕ್ಕೆ 200 ಗ್ರಾಂಗಿಂತ ಜಾಸ್ತಿ ಕಲಸಬೇಡಿ. ನಮ್ಮ ಸೆಕೆಗೆ ಕಾಲು ಗಂಟೆಯಲ್ಲೇ ಗಟ್ಟಿಯಾಗತೊಡಗುತ್ತದೆ. ಮೈಗೆ ರೆಸಿನ್ ಹಚ್ಚಿ, ಮ್ಯಾಟ್ ಇಟ್ಟು, ಬ್ರಷ್ಷಿನಿಂದ ಎಳೆಯದೆ ಚುಚ್ಚಿ ಚುಚ್ಚಿ ಕೂರಿಸಿ. ಬಿಳಿ ಮ್ಯಾಟ್ ನೆನೆದು ಪಾರದರ್ಶಕ ಆಗಬೇಕು. ಬಿಳಿ ಚುಕ್ಕೆ ಉಳಿದರೆ ಅಲ್ಲಿ ಗಾಳಿ ಇದೆ, ರೋಲರ್ ಆಡಿಸಿ ಹೊರಹಾಕಿ. ಮೂರು ನಾಲ್ಕು ಪದರ ಆದ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಗಾಳಿ ತಾಗಿದರೆ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ. ಮರುದಿನ ಉಜ್ಜಿ ನಯ ಮಾಡಿ, ಹೊರಗಿನ ಬಣ್ಣದ ಪದರವಾಗುವ ಜೆಲ್‌ಕೋಟ್ ಹಚ್ಚಿ.

ಎಂಜಿನ್

ಹಳೆಯ ಇಂಧನ ತೆಗೆದುಬಿಡಿ. ಅದನ್ನು ಹೊಳೆಗೆ ಚೆಲ್ಲಬೇಡಿ. ಸ್ಪಾರ್ಕ್ ಪ್ಲಗ್ ಬದಲಿಸಿ. ಕೆಳಗಿನ ಗೇರ್ ಆಯಿಲ್ ಸ್ಕ್ರೂ ಬಿಚ್ಚಿದಾಗ ಹಾಲಿನ ಬಣ್ಣದ ಆಯಿಲ್ ಬಂದರೆ ಒಳಗೆ ನೀರು ಹೋಗಿದೆ, ಸೀಲ್ ಬದಲಿಸಬೇಕು. ಹೊಸ ಆಯಿಲನ್ನು ಕೆಳತೂತಿನಿಂದ ಒತ್ತಿ, ಮೇಲಿನ ತೂತಿನಲ್ಲಿ ಬರುವ ತನಕ ತುಂಬಿ. ನೀರೆಳೆಯುವ ಪಂಪಿನ ರಬ್ಬರ್ ಚಕ್ರ ಬಿರುಕು ಬಿಟ್ಟಿದ್ದರೆ ಅದಕ್ಕೂ ಹೊಸತು. ಆಮೇಲೆ ಡ್ರಮ್ಮಿನಲ್ಲಿ ನೀರು ತುಂಬಿ, ಎಂಜಿನ್ನಿನ ಕಾಲು ಮುಳುಗಿಸಿ ಸ್ಟಾರ್ಟ್ ಮಾಡಿ. ಒಣಗಿದಲ್ಲಿ ಓಡಿಸಬೇಡಿ. ಪಕ್ಕದ ತೂತಿನಿಂದ ನೀರು ಚಿಮ್ಮಿದರೆ ಸರಿ. ಚಿಮ್ಮದಿದ್ದರೆ ಕೂಡಲೇ ಆಫ್ ಮಾಡಿ. ಸೀಮೆಎಣ್ಣೆ ಎಂಜಿನ್ ಆದರೆ ಪೆಟ್ರೋಲಿನಲ್ಲೇ ಶುರು ಮಾಡಿ, ನಿಲ್ಲಿಸುವ ಮುಂಚೆಯೂ ಪೆಟ್ರೋಲಿಗೆ ತಿರುಗಿಸಿ.

ಬಿಸಿಲಿಗೆ ಸುಟ್ಟ ಹಗ್ಗ, ಹರಿದ ಲೈಫ್ ಜಾಕೆಟ್ ಬದಲಿಸಿ. ಬಿರಡೆ ಮತ್ತೆ ಹಾಕಿದ್ದೀರಾ ನೋಡಿ.

ಮೊದಲ ದಿನ ಅಳಿವೆ ದಾಟಬೇಡಿ. ಹಿನ್ನೀರಿನಲ್ಲಿ, ದಡಕ್ಕೆ ಕಟ್ಟಿಕೊಂಡೇ ಅರ್ಧ ಗಂಟೆ ತೇಲಲು ಬಿಡಿ. ಆಮೇಲೆ ತೇಪೆಯ ಒಳಬದಿಯನ್ನು ಅಂಗೈಯಿಂದ ಸವರಿ ನೋಡಿ. ಕೈ ಒಣಗಿಯೇ ಇದ್ದರೆ ಎಂಜಿನ್ನಿನ ಕಾಲು ನೀರಿಗೆ ಇಳಿಸಿ, ಹೊಳೆಯಲ್ಲೇ ಎರಡು ಸುತ್ತು ಹಾಕಿ ಬನ್ನಿ.